ಅವರ ಬಾಗಿಲಿಗೆ ಹತ್ತು ಬೀಗ, ನಮ್ಮ ಬಾಗಿಲಿಗೆ ಅಗುಳಿಯೂ ಇಲ್ಲ



ಕಳೆದ ಮೆಣಸಿನ ಕೊಯ್ಲು ಮುಗಿದ ಹೊತ್ತಿನ ಮಾತು. ಗೇರುಸೊಪ್ಪದ ನಮ್ಮ ಕೇರಿಯ ಒಬ್ಬರು ಒಣಗಿಸಿ, ತೂರಿ, ಹೆಕ್ಕಿದ ಒಂದು ಕ್ವಿಂಟಲ್ ಕಾಳುಮೆಣಸನ್ನು ಎರಡು ಚೀಲ ಮಾಡಿ ಪೇಟೆಗೆ ಒಯ್ದರು. ವ್ಯಾಪಾರಿ ಮುಷ್ಟಿಯಲ್ಲಿ ಹಿಡಿದು ನೋಡಿದ, ಎರಡು ಕಾಳು ಬಾಯಿಗೆ ಹಾಕಿ ಕಡಿದ, ತೂಕ ಮಾಡಿದ. ಎಲ್ಲ ಸರಿ. ಚೀಟಿ ಬರೆಯುವಾಗ ಮಾತ್ರ ಕಿಲೋಗೆ ಐದು ರೂಪಾಯಿ ಮುರಿದ. "ಇದೆಂತಕ್ಕೆ ಸಾವ್ಕಾರ್ರೆ?" ಎಂದು ಇವರು ಕೇಳಿದರು. "ಈ ಮಾಲು ಗಲ್ಫಿಗೆ ಹೋಗೂದು. ಹಲಾಲ್ ಸರ್ಟಿಫಿಕೇಟ್ ಖರ್ಚು ಅದೆ" ಅಂದ. ಇವರು ಮರುಮಾತಾಡದೆ ದುಡ್ಡು ಎಣಿಸಿಕೊಂಡು ಬಸ್ಸು ಹತ್ತಿದರು.

ಸಂಜೆ ಅಂಗಡಿ ಕಟ್ಟೆಯ ಮೇಲೆ ಇದೇ ಮಾತು. ಒಬ್ಬ ಸಾಬರನ್ನು ಬೈದ. ಇನ್ನೊಬ್ಬ ಟಿವಿಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದ. ಮತ್ತೊಬ್ಬ, "ಭಟ್ಕಳದವರ ಹತ್ತಿರ ತಲೆತಲಾಂತರದಿಂದ ವ್ಯಾಪಾರ ಮಾಡಿದ್ದೇವೆ, ಈಗೆಂತ ಹೊಸ ಜಗಳ" ಅಂದ. ಎರಡು ತಾಸು ಮಾತು ನಡೆಯಿತು. ಆದರೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬಳ್ಳಿಯಿಂದ ಬಿಡಿಸಿ ಬಿಸಿಲಲ್ಲಿ ಒಣಗಿಸಿದ ಮೆಣಸಿನ ಕಾಳಿಗೆ ಹಲಾಲ್ ಪತ್ರ ಬೇಕೇ ಬೇಕಾ? ಬೇಕು ಎಂದರೆ ಆ ಕಾಗದ ಎಲ್ಲಿ? ಅದರ ರಶೀದಿ ಎಲ್ಲಿ?

ನಾವು ಜಮೀನು ಮಾಡುವವರು. ಯಾರ ದೇವರು ದೊಡ್ಡವನು ಎಂದು ತೀರ್ಮಾನ ಮಾಡುವ ಕೆಲಸ ನಮ್ಮದಲ್ಲ. ನಮ್ಮ ಚೀಲದಿಂದ ಯಾರು ಎಷ್ಟು ತೆಗೆಯುತ್ತಾರೆ ಎಂದು ಲೆಕ್ಕ ಕೇಳುವ ಕೆಲಸ ನಮ್ಮದು. ಹಾಗಾಗಿ ಈ ಹಲಾಲ್ ಕಾಗದದ ವ್ಯವಹಾರವನ್ನು ಒಂದು ಸಲ ಸರಿಯಾಗಿ ಬಿಡಿಸಿ ನೋಡೋಣ.

ಹಲಾಲ್ ಅಂದರೆ ಅವರ ಧರ್ಮದ ಪ್ರಕಾರ ತಿನ್ನಲು ಅಡ್ಡಿಯಿಲ್ಲದ್ದು. ಹಂದಿ, ರಕ್ತ, ಹೆಂಡ ನಿಷಿದ್ಧ. ಪ್ರಾಣಿಯನ್ನು ದೇವರ ಹೆಸರು ಹೇಳಿ ಕೊಯ್ದಿರಬೇಕು. ಆಹಾರದ ಅಂತರರಾಷ್ಟ್ರೀಯ ಮಾನದಂಡ ಬರೆಯುವ ಕೋಡೆಕ್ಸ್ ಆಯೋಗ 1997ರಲ್ಲಿ ಈ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಸ್ಪಷ್ಟವಾಗಿಯೇ ಇದೆ: ಅಮಲು ಬರಿಸುವ ಮತ್ತು ಅಪಾಯಕಾರಿ ಗಿಡಗಳನ್ನು ಬಿಟ್ಟರೆ ಸಸ್ಯಮೂಲದ ಆಹಾರವೆಲ್ಲ ಹಲಾಲ್. ಅಂದರೆ ಅಕ್ಕಿ, ತೆಂಗು, ಗೇರುಬೀಜ, ಮೆಣಸು ಹುಟ್ಟುವಾಗಲೇ ಹಲಾಲ್. ಬೆಳೆದವನ ಜಾತಿ ಯಾವುದೇ ಇರಲಿ, ತೋಟ ಯಾರದ್ದೇ ಇರಲಿ.

ಹಾಗಾದರೆ ಕಾಗದದ ಪ್ರಶ್ನೆ ಎಲ್ಲಿ ಹುಟ್ಟುತ್ತದೆ? ಒಂದು, ಮಾಂಸದಲ್ಲಿ. ಎರಡು, ಕಾರ್ಖಾನೆಯಲ್ಲಿ. ಮೆಣಸು ಪುಡಿಯಾಗಿ, ಮಸಾಲೆಯಾಗಿ, ಅದಕ್ಕೆ ಬಣ್ಣ, ವಾಸನೆ, ಕೊಬ್ಬು ಸೇರಿ ಪೊಟ್ಟಣವಾದಾಗ ಒಳಗೆ ಏನಿದೆ ಎಂದು ತಿನ್ನುವವನಿಗೆ ಗೊತ್ತಾಗುವುದಿಲ್ಲ. ಜಿಲಾಟಿನ್ ಯಾವ ಪ್ರಾಣಿಯದು? ಸತ್ವ ಇಳಿಸಲು ಬಳಸಿದ ದ್ರವ ಯಾವುದು? ಇದು ಸುಮ್ಮನೆ ಹುಟ್ಟಿದ ಅನುಮಾನವಲ್ಲ. ಗೋಬಿ ಮಂಚೂರಿ ಗಾಡಿಯಿಂದ ನಮಗೆಲ್ಲ ಪರಿಚಯವಾದ ಅಜಿನೊಮೊಟೊ ಇದೆಯಲ್ಲ, ಇಂಡೋನೇಷ್ಯದಲ್ಲಿ ಅದನ್ನು ತಯಾರಿಸುವ ಕ್ರಮದೊಳಗೆ ಹಂದಿಮೂಲದ ಪದಾರ್ಥ ಬಳಕೆಯಾಗಿದ್ದು ಹೊರಬಿದ್ದು 2001ರ ಜನವರಿಯಲ್ಲಿ ದೊಡ್ಡ ಗಲಾಟೆಯಾಯಿತು. ಸಾವಿರಾರು ಟನ್ ಮಾಲನ್ನು ಅಂಗಡಿಗಳಿಂದ ವಾಪಸು ತರಿಸಬೇಕಾಯಿತು. ಪುಡಿ ನೋಡಿದರೆ ಬಿಳಿ, ಉಪ್ಪಿನಂತೆ. ಕಣ್ಣಿಗೆ ಏನು ತಿಳಿಯುತ್ತದೆ?

ಅದೇ ಇಂಡೋನೇಷ್ಯ 2014ರಲ್ಲಿ ಹಲಾಲ್ ಉತ್ಪನ್ನಗಳ ಬಗ್ಗೆ ಕಾನೂನು ಮಾಡಿತು. 2024ರ ಅಕ್ಟೋಬರ್ 17ರಿಂದ ಅಲ್ಲಿ ತಿನ್ನುವ, ಕುಡಿಯುವ ಪದಾರ್ಥಗಳಿಗೆ ಪತ್ರ ಕಡ್ಡಾಯ ಎಂದು ಹಂತಹಂತವಾಗಿ ಜಾರಿಗೆ ತಂದಿತು. ಸಣ್ಣ ತಯಾರಕರಿಗೆ, ಹೊರದೇಶದಿಂದ ಬರುವ ಸರಕಿಗೆ 2026ರ ಅಕ್ಟೋಬರ್ 17ರ ಗಡುವು ಇಟ್ಟಿತು. ಹಲಾಲ್ ಅಲ್ಲದ್ದನ್ನು ಮಾರಲೇಬಾರದು ಎಂದೇನೂ ಆ ಕಾನೂನು ಹೇಳುವುದಿಲ್ಲ, ಅಲ್ಲ ಎಂದು ಪೊಟ್ಟಣದ ಮೇಲೆ ಬರೆದು ಮಾರಿ ಎನ್ನುತ್ತದೆ. ಮಲೇಷ್ಯ ಇನ್ನೂ ಹಿಂದೆ, 1974ರಿಂದಲೇ ಸರ್ಕಾರದ ಕಡೆಯಿಂದ ಹಲಾಲ್ ಪತ್ರ ಕೊಡಲು ಶುರುಮಾಡಿತ್ತು.

"ಇದೆಂಥ ಹಠ, ತಿನ್ನುವುದರಲ್ಲೂ ಧರ್ಮವಾ" ಎಂದು ನಗುವವರು ಸ್ವಲ್ಪ ನಿಲ್ಲಿ. ನಮ್ಮ ಮನೆಯ ಕಥೆಯನ್ನೂ ನೆನಪು ಮಾಡಿಕೊಳ್ಳಿ. 1983ರಲ್ಲಿ ವನಸ್ಪತಿಗೆ ಹೊರದೇಶದಿಂದ ತಂದ ದನದ ಕೊಬ್ಬು ಬೆರೆಸಿದ್ದಾರೆ ಎಂದು ತಿಳಿದಾಗ ದೇಶವೇ ಎದ್ದು ಕೂತಿತ್ತು. ಡಾಲ್ಡಾ ಡಬ್ಬಿಯನ್ನು ಅಂಗಳಕ್ಕೆ ಎಸೆದ ಹೆಂಗಸರನ್ನು ನೋಡಿದವರು ಈಗಲೂ ಇದ್ದಾರೆ. ಸರ್ಕಾರ ಆ ಕೊಬ್ಬಿನ ಖಾಸಗಿ ಆಮದನ್ನು ನಿಲ್ಲಿಸಬೇಕಾಯಿತು. ಬಿಸ್ಕೆಟ್ ಪೊಟ್ಟಣದ ಮೇಲೆ ಹಸಿರು ಚುಕ್ಕಿ ನೋಡುತ್ತೀರಲ್ಲ, ಅದು ಏನು? ಸಸ್ಯಾಹಾರಕ್ಕೆ ಹಸಿರು, ಮಾಂಸಾಹಾರಕ್ಕೆ ಕಂದು ಎಂದು 2001ರಲ್ಲಿ ನಮ್ಮ ಸರ್ಕಾರವೇ ನಿಯಮ ಮಾಡಿದ್ದು. ಹೊರದೇಶದಿಂದ ಬರುವ ಪೊಟ್ಟಣಕ್ಕೂ ಆ ಚುಕ್ಕಿ ಬೇಕು. ಇಲ್ಲಿಯ ಜನ ತಮ್ಮ ನಂಬಿಕೆಗೆ ತಕ್ಕಂತೆ ತಿನ್ನಲಿ ಎಂಬುದೇ ಅದರ ಅರ್ಥ. ಅವರ ಹಲಾಲ್ ಮುದ್ರೆಯ ಅರ್ಥವೂ ಅದೇ.

ಇನ್ನೊಂದು ಉದಾಹರಣೆ ಹೇಳುತ್ತೇನೆ. ಹಾಲು ಕರೆಯುವ ಪ್ರತಿಯೊಬ್ಬ ರೈತನೂ ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಹೊರದೇಶದ ಹಾಲಿನ ಪುಡಿ, ಬೆಣ್ಣೆ, ಚೀಸು ನಮ್ಮ ದೇಶಕ್ಕೆ ಬರಬೇಕಾದರೆ, ಆ ಹಸುವಿಗೆ ದನಕುರಿಗಳ ರಕ್ತ, ಅಂಗಾಂಗಗಳಿಂದ ಮಾಡಿದ ಹಿಂಡಿ ತಿನ್ನಿಸಿಲ್ಲ ಎಂಬ ಪತ್ರ ಬೇಕು ಎಂದು ಭಾರತ ಸರ್ಕಾರ ನಿಬಂಧನೆ ಹಾಕಿದೆ. ಮಾಂಸ ತಿಂದ ಹಸುವಿನ ಹಾಲು ನಮ್ಮ ಜನಕ್ಕೆ ಸಲ್ಲ ಎಂಬುದು ಕಾರಣ. ಅಮೆರಿಕದವರಿಗೆ ಇದು ಗಂಟಲ ಮುಳ್ಳು. ಅಲ್ಲಿಯ ಡೇರಿ ಕಂಪನಿಗಳು ದೂರು ಕೊಟ್ಟವು. 2018ರಲ್ಲಿ ಅವರ ಸರ್ಕಾರ ವಿಚಾರಣೆ ತೆಗೆಯಿತು. 2019ರ ಜೂನ್ 5ರಂದು ನಮ್ಮ ರಫ್ತಿಗೆ ಕೊಡುತ್ತಿದ್ದ ಸುಂಕದ ರಿಯಾಯಿತಿಯನ್ನೇ ಕಿತ್ತುಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಹಾಲೂ ಒಂದು. ಆದರೂ ಆ ನಿಬಂಧನೆಯನ್ನು ಬಿಡಲಿಲ್ಲ. ಇವತ್ತು ಡೇರಿ ಸೊಸೈಟಿಗೆ ಎರಡು ಲೀಟರ್ ಹಾಲು ಹಾಕುವ ಹೆಂಗಸಿನ ಬೆನ್ನಿಗೆ ಆ ಒಂದು ತುಂಡು ಕಾಗದ ನಿಂತಿದೆ.

ಈಗ ಹೇಳಿ. ನಮ್ಮ ಹಾಲಿನ ಪತ್ರ ನ್ಯಾಯವಾದರೆ ಅವರ ಹಲಾಲ್ ಪತ್ರ ಹೇಗೆ ಅನ್ಯಾಯವಾಗುತ್ತದೆ? ಎರಡೂ ಒಂದೇ ಮರದ ಹಣ್ಣು. ತನ್ನ ಅಡುಗೆಮನೆಗೆ ಏನು ಬರಬೇಕು ಎಂದು ಹೇಳುವ ಹಕ್ಕು ಮನೆಯವನಿಗಿದೆ. 1993ರ ಅಕ್ಟೋಬರ್‌ನಲ್ಲಿ ಡಂಕೆಲ್ ಪ್ರಸ್ತಾವದ ವಿರುದ್ಧ ರೈತರು ಲಕ್ಷಗಟ್ಟಲೆ ಬೆಂಗಳೂರಿಗೆ ನಡೆದದ್ದು ಇದೇ ಹಕ್ಕಿಗಾಗಿ ಅಲ್ಲವೇ? ನಮ್ಮ ಬೀಜ, ನಮ್ಮ ಮಾರುಕಟ್ಟೆ, ನಮ್ಮ ಬಾಗಿಲು ನಮ್ಮ ಕೈಯಲ್ಲಿರಲಿ ಎಂದಲ್ಲವೇ ಅವತ್ತು ಪ್ರೊಫೆಸರ್ ನಂಜುಂಡಸ್ವಾಮಿಯವರು ಗುಡುಗಿದ್ದು?

ಹಕ್ಕು ಒಪ್ಪಿಕೊಂಡ ಮೇಲೆ ಇನ್ನೊಂದು ಮುಖವನ್ನೂ ನೋಡಬೇಕು. ಕಾಗದ ಎಂಬುದು ಬಾಗಿಲೂ ಹೌದು, ಗೋಡೆಯೂ ಹೌದು, ಸುಂಕದ ಕಟ್ಟೆಯೂ ಹೌದು. ಇದು ಗೇರುಸೊಪ್ಪದವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಚೆನ್ನಭೈರಾದೇವಿ ಆಳಿದಳು. ಅವಳನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದರು. ಶರಾವತಿಯ ದಂಡೆಯ ಮೆಣಸು ದೋಣಿಯಲ್ಲಿ ಇಳಿದು ಹೊನ್ನಾವರ ಸೇರುತ್ತಿತ್ತು. ಆ ಕಾಲದಲ್ಲಿ ಸಮುದ್ರದ ಮೇಲೆ ಹೋಗುವ ಪ್ರತಿ ಹಡಗಿನ ಹತ್ತಿರ ಪೋರ್ಚುಗೀಸರು ಕೊಟ್ಟ "ಕರ್ತಾಜ್" ಎಂಬ ಚೀಟಿ ಇರಬೇಕಿತ್ತು. ಚೀಟಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು, ಸುಲಿಯುತ್ತಿದ್ದರು. ಮಾತು ಕೇಳದ ಭಟ್ಕಳವನ್ನು 1542ರಲ್ಲಿ ಸುಟ್ಟರು. ಮೆಣಸು ಬೆಳೆದವರು ನಾವು, ಕೊಂಡವರು ಅರಬರು, ನಡುವೆ ಚೀಟಿ ಬರೆದು ತಿಂದವರು ಮೂರನೆಯವರು. ಬಸ್ತಿಕೇರಿಯ ಚತುರ್ಮುಖ ಬಸದಿ ಈಗಲೂ ನಿಂತಿದೆ, ಕಾಡಿನ ನಡುವೆ. ಅದರ ಸುತ್ತ ಇದ್ದ ಪಟ್ಟಣ ಇಲ್ಲ. ಮೆಣಸು ಬೆಳೆಯುವುದೊಂದೇ ಸಾಲದು, ಚೀಟಿ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೇ?

ಇವತ್ತಿನ ಮಾತಿಗೆ ಬನ್ನಿ. ಪ್ರಪಂಚದಲ್ಲಿ ಹಲಾಲ್ ಕೋಳಿಯನ್ನು ಅತಿ ಹೆಚ್ಚು ರಫ್ತು ಮಾಡುವ ದೇಶ ಯಾವುದು ಗೊತ್ತೇ? ಅರಬ್ ದೇಶವಲ್ಲ, ಬ್ರೆಜಿಲ್. ಕ್ರೈಸ್ತರ ದೇಶ. ಆಸ್ಟ್ರೇಲಿಯ ತನ್ನ ಸರ್ಕಾರದ ಉಸ್ತುವಾರಿಯಲ್ಲೇ ಹಲಾಲ್ ಕುರಿಮಾಂಸ ಕಳಿಸುತ್ತದೆ. ಅವರಿಗೆ ಇದು ವ್ಯಾಪಾರ, ಅಷ್ಟೆ. ಅದೇ ಬ್ರೆಜಿಲ್, ಇಂಡೋನೇಷ್ಯ ತನ್ನ ಕೋಳಿಯನ್ನು ನಿಬಂಧನೆಗಳ ಮೇಲೆ ನಿಬಂಧನೆ ಹಾಕಿ ಹೊರಗಿಟ್ಟಿದೆ ಎಂದು 2014ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದಿತು. 2017ರಲ್ಲಿ ತೀರ್ಪು ಬಂತು. ಕೆಲವು ನಿಬಂಧನೆ ತಪ್ಪು ಎಂದಾಯಿತು, ಹಲಾಲ್ ಬಗೆಗಿನ ಆಕ್ಷೇಪ ನಿಲ್ಲಲಿಲ್ಲ. ದೇಶದೇಶಗಳು ಹೀಗೆ ಒಂದೊಂದು ಕಾಗದಕ್ಕೂ ಕೋರ್ಟು ಹತ್ತುವಾಗ ನಮ್ಮ ಸರ್ಕಾರಗಳು ಏನು ಮಾಡುತ್ತಿವೆ?

ನಮ್ಮ ಸರ್ಕಾರಗಳಿಗೆ ಎರಡು ನಾಲಿಗೆ. ಹೊರಗೆ ಮಾರುವಾಗ ಒಂದು, ಒಳಗೆ ಓಟು ಕೇಳುವಾಗ ಇನ್ನೊಂದು. 2022ರ ಯುಗಾದಿ ಹೊತ್ತಿಗೆ ನಮ್ಮ ಕರ್ನಾಟಕದಲ್ಲಿ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂದು ಊರೂರಲ್ಲಿ ಕರಪತ್ರ ಹಂಚಿದರು. 2023ರ ನವೆಂಬರ್‌ನಲ್ಲಿ ಉತ್ತರ ಪ್ರದೇಶ ಸರ್ಕಾರ ಹಲಾಲ್ ಮುದ್ರೆಯ ಪದಾರ್ಥಗಳನ್ನು ತಯಾರಿಸುವುದು, ಮಾರುವುದು, ದಾಸ್ತಾನು ಮಾಡುವುದು ಎಲ್ಲ ನಿಷೇಧ ಎಂದಿತು. ಆದರೆ ಅದೇ ಆದೇಶದಲ್ಲಿ ರಫ್ತಿಗೆ ವಿನಾಯಿತಿ! ಏಕೆಂದರೆ ಈ ದೇಶದಿಂದ ಹೋಗುವ ಎಮ್ಮೆ ಕೋಣದ ಮಾಂಸದಲ್ಲಿ ದೊಡ್ಡ ಪಾಲು ಆ ರಾಜ್ಯದ್ದು. 2023–24ರಲ್ಲಿ ದೇಶದ ಈ ರಫ್ತು ಸುಮಾರು 31 ಸಾವಿರ ಕೋಟಿ ರೂಪಾಯಿ. ಹಲಾಲ್ ಎಂಬ ಮಾತು ಬಂದರಿನಲ್ಲಿ ಲಕ್ಷ್ಮಿ, ಬೀದಿಯಲ್ಲಿ ಮಾರಿ.

ಕೇಂದ್ರ ಸರ್ಕಾರ ಮಾಡಿದ್ದು ನೋಡಿ. 2021ರ ಜನವರಿಯಲ್ಲಿ ಅಪೇಡಾ ಸಂಸ್ಥೆ ತನ್ನ ಮಾಂಸ ರಫ್ತಿನ ಕೈಪಿಡಿಯಿಂದ ಹಲಾಲ್ ಎಂಬ ಶಬ್ದ ತೆಗೆಯಿತು. ಇದು ಕೊಳ್ಳುವ ದೇಶಗಳ ಬೇಡಿಕೆ, ನಮ್ಮ ಸರ್ಕಾರದ ನಿಬಂಧನೆಯಲ್ಲ ಎಂದಿತು. ಸರಿಯಾದ ಮಾತೇ. ಆಮೇಲೆ ಅದೇ ಕೇಂದ್ರ ಸರ್ಕಾರ, 2024ರ ಅಕ್ಟೋಬರ್ 16ರಿಂದ ಸೌದಿ, ಯುಎಇ, ಮಲೇಷ್ಯ, ಇಂಡೋನೇಷ್ಯ ಮುಂತಾದ ದೇಶಗಳಿಗೆ ಹಲಾಲ್ ಎಂದು ಮಾಂಸ ಕಳಿಸಬೇಕಾದರೆ ಭಾರತೀಯ ಗುಣಮಟ್ಟ ಮಂಡಳಿಯ ಯೋಜನೆಯಡಿ ಮಾನ್ಯತೆ ಪಡೆದ ಸಂಸ್ಥೆಯ ಪತ್ರವೇ ಆಗಬೇಕು ಎಂದು ನಿಯಮ ತಂದಿತು. ಇದನ್ನು ನಾನು ತಪ್ಪು ಎನ್ನುವುದಿಲ್ಲ. ಖಾಸಗಿಯವರು ಕೈಗೆ ಬಂದ ಹಾಗೆ ಪತ್ರ ಬರೆದು ಕೈಗೆ ಬಂದ ಹಾಗೆ ಶುಲ್ಕ ಕೀಳುವುದಕ್ಕಿಂತ ಒಂದು ಲಗಾಮು ಇರುವುದು ಮೇಲು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ದೊಡ್ಡ ವಕೀಲರು, ಸಿಮೆಂಟಿಗೂ ಕಬ್ಬಿಣದ ಸರಳಿಗೂ ಹಲಾಲ್ ಪತ್ರ ಕೊಡುತ್ತಿದ್ದಾರೆ, ಬೇಡದವರೂ ಅದಕ್ಕೆ ಏಕೆ ಹೆಚ್ಚು ಬೆಲೆ ತೆರಬೇಕು ಎಂದು ಕೇಳಿದರು. ಪ್ರಶ್ನೆ ತೆಗೆದುಹಾಕುವಂಥದ್ದಲ್ಲ. ಬೇಡದ ಕಡೆ ಮುದ್ರೆ ಒತ್ತಿ ದುಡ್ಡು ಮಾಡುವುದು ಯಾರು ಮಾಡಿದರೂ ಮೋಸವೇ. ಆದರೆ ನಮ್ಮ ಮಾಲಿನ ಮೇಲೆ ಬೀಳುವ ಬೇರೆ ಬೇರೆ ಕಾಗದದ ಖರ್ಚನ್ನೂ ಅಷ್ಟೇ ಗಟ್ಟಿಯಾಗಿ ಯಾವಾಗ ಕೇಳುತ್ತೀರಿ ಸ್ವಾಮೀ? ಸಾವಯವ ಪತ್ರ, ವಿಷದ ಅಂಶದ ಪರೀಕ್ಷೆ, ರೋಗವಿಲ್ಲ ಎಂಬ ಪತ್ರ. ಇದೆಲ್ಲದರ ಖರ್ಚು ಬಂದು ನಿಲ್ಲುವುದು ಎಲ್ಲಿ? ರಫ್ತುದಾರ ತನ್ನ ಲಾಭದಲ್ಲಿ ಕಳೆದುಕೊಳ್ಳುವುದಿಲ್ಲ. ದಲ್ಲಾಳಿ ಕಳೆದುಕೊಳ್ಳುವುದಿಲ್ಲ. ಸಾಲಿನ ಕೊನೆಯಲ್ಲಿ ಚೀಲ ಹೊತ್ತು ನಿಂತವನ ಚೀಟಿಯಲ್ಲೇ ಅದು ಮುರಿಯುವುದು.

ಇಷ್ಟು ಹೇಳಿದ ಮೇಲೆ ನಿಜವಾದ ಗಾಯಕ್ಕೆ ಬರುತ್ತೇನೆ.

ನಮ್ಮ ಕೇರಿಯವರ ಒಂದು ಕ್ವಿಂಟಲ್ ಮೆಣಸಿನಲ್ಲಿ ಮುರಿದದ್ದು 500 ರೂಪಾಯಿ. ಅದಕ್ಕೆ ಊರೆಲ್ಲ ಎರಡು ತಾಸು ಮಾತಾಡಿತು. ಈಗ ಇನ್ನೊಂದು ಲೆಕ್ಕ ಕೇಳಿ. 2015–16ರ ಹೊತ್ತಿಗೆ ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ಮೆಣಸು 2018–19ಕ್ಕೆ 350ರ ಕೆಳಗೆ ಬಂತು. ಕ್ವಿಂಟಲ್ ಮೇಲೆ 35 ಸಾವಿರ ರೂಪಾಯಿ ಮುರಿಯಿತು. ಯಾವ ಚೀಟಿಯಲ್ಲೂ ಅದನ್ನು ಬರೆಯಲಿಲ್ಲ. ಯಾವ ಟಿವಿಯವನೂ ಕೂಗಲಿಲ್ಲ. 700ರ ಬೆಲೆ ನಂಬಿ ಅಡಿಕೆ ಮರಕ್ಕೆಲ್ಲ ಬಳ್ಳಿ ಹಬ್ಬಿಸಿದವರು, ಸೊಸೈಟಿಯಲ್ಲಿ ಸಾಲ ಎತ್ತಿದವರು, ಹೆಂಡತಿಯ ಬಳೆ ಅಡವಿಟ್ಟು ಮೈಲುತುತ್ತ ತಂದವರು ಎಷ್ಟು ಜನ! ಬೆಲೆ ಅರ್ಧವಾದಾಗ ಸಾಲ ಅರ್ಧವಾಯಿತೇ? ಬಡ್ಡಿ ಅರ್ಧವಾಯಿತೇ?

ಯಾಕೆ ಬಿತ್ತು ಬೆಲೆ? ವಿಯೆಟ್ನಾಂ ಪ್ರಪಂಚದಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ. ಅಲ್ಲಿ ಬೆಳೆ ಉಕ್ಕಿತು. ನಮ್ಮ ದೇಶದಲ್ಲಿ ಮೆಣಸಿಗೆ ಸಾಮಾನ್ಯ ಆಮದು ಸುಂಕ 70 ಪರ್ಸೆಂಟ್. ನೋಡಲು ದೊಡ್ಡ ಬೀಗ. ಆದರೆ ಹಿಂದಿನ ಬಾಗಿಲು? 1998ರಲ್ಲಿ ಸಹಿಯಾಗಿ 2000ದಿಂದ ಜಾರಿಯಾದ ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರಬಹುದು. ಅದರ ಮೇಲಿನದ್ದು ದಕ್ಷಿಣ ಏಷ್ಯಾ ಒಪ್ಪಂದದಲ್ಲಿ ಬರೀ 8 ಪರ್ಸೆಂಟ್ ಸುಂಕಕ್ಕೆ ಬರಬಹುದು. ವಿಯೆಟ್ನಾಮಿನ ಮೆಣಸು ಕೊಲಂಬೊದಲ್ಲಿ ಇಳಿದು, ಶ್ರೀಲಂಕಾದ ಮೆಣಸೆಂದು ಕಾಗದ ಮಾಡಿಸಿಕೊಂಡು ನಮ್ಮ ಬಂದರಿಗೆ ಬರುತ್ತಿದೆ ಎಂದು ಬೆಳೆಗಾರರ ಸಂಘಟನೆಗಳು ವರ್ಷಗಟ್ಟಲೆ ಕೂಗಿದವು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಕಾಗದದ ಮೇಲೆ 500 ಎಂದು ಬರೆದರೆ ಮುಗಿಯಿತು, ನಿಜವಾದ ಬೆಲೆ ಯಾರು ನೋಡಿದ್ದಾರೆ ಎಂಬ ದೂರು ಮರುವರ್ಷವೇ ಬಂತು.

ಅಡಿಕೆಯದ್ದೂ ಇದೇ ಹಾಡು. ಆಮದು ಸುಂಕ 100 ಪರ್ಸೆಂಟ್. ಕನಿಷ್ಠ ಆಮದು ಬೆಲೆ 2017ರಲ್ಲಿ 251 ರೂಪಾಯಿ, 2023ರ ಫೆಬ್ರುವರಿಯಲ್ಲಿ 351. ಕುಮಟಾ ಪೇಟೆಯಲ್ಲಿ ಚಾಲಿ ಮಾರುವವನಿಗೆ ಇದು ಜೀವ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆ ಈ ಕನಿಷ್ಠ ಬೆಲೆಯ ಕಟ್ಟಳೆ ಇಲ್ಲದೆ ಬರಲಿ ಎಂದು ಅಪ್ಪಣೆಯಾಯಿತು. ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬೇಲಿ ತೆಗೆದ ಹಾಗೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಬಿಸ್ಕೆಟ್ ಪೊಟ್ಟಣ ಜಕಾರ್ತಕ್ಕೆ ಹೋದರೆ ಅದರೊಳಗಿನ ಕೊಬ್ಬು ಯಾವ ಪ್ರಾಣಿಯದು ಎಂದು ಅಲ್ಲಿಯ ಸರ್ಕಾರ ಕೇಳುತ್ತದೆ. 2024ರ ಏಪ್ರಿಲ್‌ನಲ್ಲಿ ನಮ್ಮ ದೊಡ್ಡ ಕಂಪನಿಗಳ ಮಸಾಲೆ ಪುಡಿಯಲ್ಲಿ ಎಥಿಲೀನ್ ಆಕ್ಸೈಡ್ ಇದೆ ಎಂದು ಹಾಂಕಾಂಗ್, ಸಿಂಗಪುರದವರು ಮಾಲನ್ನೇ ತಡೆದರು. ಹಡಗುಗಟ್ಟಲೆ ಮೆಣಸು ನಮ್ಮ ಬಂದರಿಗೆ ಬಂದರೆ ಇದು ಯಾವ ನೆಲದ್ದು, ಯಾವ ಬಳ್ಳಿಯದ್ದು ಎಂದು ಕೇಳುವವರಿಲ್ಲ. ಅವರು ತಮ್ಮ ಜನರ ನಂಬಿಕೆಗೆ ಕಾವಲಿಟ್ಟರು. ನಮ್ಮವರು ನಮ್ಮ ಜನರ ಹೊಟ್ಟೆಗೂ ಕಾವಲಿಡಲಿಲ್ಲ. ಹೊಟ್ಟೆಕಿಚ್ಚು ಪಡಬೇಕಾದದ್ದು ಅವರ ಹಲಾಲ್ ಮುದ್ರೆಯನ್ನು ನೋಡಿ ಅಲ್ಲ, ಅಂಥ ಮುದ್ರೆ ಹಾಕುವ ಅವರ ಸರ್ಕಾರದ ಗಟ್ಟಿತನ ನೋಡಿ.

ಹಾಲಿನ ವಿಷಯದಲ್ಲಿ ನಮ್ಮವರು ಗಟ್ಟಿ ನಿಂತರಲ್ಲ, ಹೇಗೆ ಸಾಧ್ಯವಾಯಿತು? ಕೋಟ್ಯಂತರ ಹಾಲು ಉತ್ಪಾದಕರು ಸಹಕಾರ ಸಂಘಗಳಲ್ಲಿ ಒಟ್ಟಿಗಿದ್ದರು. 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಒಪ್ಪಂದದಿಂದ ಭಾರತ ಹಿಂದೆ ಸರಿದಾಗಲೂ ಹಾಲಿನವರ ಕೂಗು ಅದರ ಹಿಂದಿತ್ತು. ಮೆಣಸಿನವರು, ಅಡಿಕೆಯವರು ಹಾಗೆ ಒಟ್ಟಾಗಲಿಲ್ಲ. ಒಟ್ಟಾಗುವ ಹೊತ್ತಿಗೆ ಯಾರಾದರೂ ಬಂದು ಕಟ್ಟೆಯ ಮೇಲೆ ಹಲಾಲ್ ಎಂಬ ಒಂದು ಶಬ್ದ ಎಸೆದು ಹೋಗುತ್ತಾರೆ, ನಾವು ಅದನ್ನೇ ಕಚ್ಚಾಡುತ್ತೇವೆ. ಕಚ್ಚಾಡುವಾಗ ಚೀಲ ಹಗುರಾಗುತ್ತದೆ.

ಹಾಗಾದರೆ ಮಾಡುವುದೆಂತ? ನನಗೆ ತೋಚಿದ್ದು ಇಷ್ಟು.

ಒಂದು. ಪೇಟೆಯಲ್ಲಿ ಯಾವ ಹೆಸರಿನಲ್ಲಿ ದುಡ್ಡು ಮುರಿದರೂ ಚೀಟಿಯಲ್ಲಿ ಬರೆಸಿಕೊಳ್ಳಿ. ಹಲಾಲ್ ಪತ್ರ ಎಂದರೆ ಪತ್ರ ತೋರಿಸಲಿ. ಕಚ್ಚಾ ಮೆಣಸಿಗೆ, ಅಕ್ಕಿಗೆ, ತೆಂಗಿಗೆ ಆ ಹೆಸರಿನಲ್ಲಿ ಮುರಿದರೆ ಕೊಡಬೇಡಿ. ಮುರಿದವನು ಯಾವ ಧರ್ಮದವನೇ ಇರಲಿ, ಎಪಿಎಂಸಿಗೆ ದೂರು ಕೊಡಿ.

ಎರಡು. ಪುಡಿ, ಮಸಾಲೆ ಮಾಡಿ ಗಲ್ಫಿಗೆ, ಮಲೇಷ್ಯಕ್ಕೆ ಕಳಿಸಬೇಕೆಂದಿದ್ದರೆ ಅಲ್ಲಿ ಕೇಳುವ ಪತ್ರವನ್ನು ನಮ್ಮ ಸೊಸೈಟಿಗಳೇ ಎಲ್ಲ ಸದಸ್ಯರ ಪರವಾಗಿ ಮಾಡಿಸಲಿ. ಒಬ್ಬೊಬ್ಬನಿಗೆ ಭಾರವಾದದ್ದು ಸಾವಿರ ಜನಕ್ಕೆ ಹಗುರ. ಕೊಳ್ಳುವವನು ಕೇಳಿದ್ದನ್ನು ಕೊಟ್ಟು ಒಳ್ಳೆ ಬೆಲೆ ಪಡೆಯುವುದರಲ್ಲಿ ನಮ್ಮ ಧರ್ಮ ಎಲ್ಲೂ ಕೆಡುವುದಿಲ್ಲ.

ಮೂರು. ಪತ್ರ ಕೊಡುವ ಸಂಸ್ಥೆಗಳ ಶುಲ್ಕವನ್ನು ಸರ್ಕಾರ ಗೊತ್ತುಮಾಡಿ ಪ್ರಕಟಿಸಲಿ. ಹಲಾಲ್ ಇರಲಿ, ಸಾವಯವ ಇರಲಿ, ಎಲ್ಲಕ್ಕೂ ಒಂದೇ ನಿಯಮ. ಆ ಖರ್ಚು ರಫ್ತುದಾರನ ಲೆಕ್ಕಕ್ಕೆ ಹೋಗಲಿ, ಬೆಳೆದವನ ಚೀಟಿಗೆ ಬರುವುದು ಬೇಡ.

ನಾಲ್ಕು. ಹೊರಗಿನಿಂದ ಬರುವ ಮೆಣಸು, ಅಡಿಕೆ, ಗೇರುಬೀಜದ ಮೂಲ ಯಾವುದೆಂದು ಬಂದರಿನಲ್ಲೇ ಪರೀಕ್ಷೆಯಾಗಲಿ. ಕನಿಷ್ಠ ಆಮದು ಬೆಲೆಯನ್ನು ನಮ್ಮ ಬೆಳೆಯ ಖರ್ಚಿನ ಮೇಲೆ ಲೆಕ್ಕಹಾಕಿ ಕಾಲಕಾಲಕ್ಕೆ ಏರಿಸಲಿ. ಹಾಲಿಗೆ ಕೊಟ್ಟ ಕಾವಲನ್ನು ತೋಟದ ಬೆಳೆಗೂ ಕೊಡಲಿ.

ಇದನ್ನು ನಮ್ಮ ಸಂಸದರಿಗೆ, ಶಾಸಕರಿಗೆ ಕೇಳಬೇಕಾದವರು ನಾವು. ಮುಂದಿನ ಸಲ ಓಟಿಗೆ ಬಂದು ಹಲಾಲ್ ಬೇಕೋ ಬೇಡವೋ ಎಂದು ಭಾಷಣ ಮಾಡಿದರೆ ಕೈ ಹಿಡಿದು ನಿಲ್ಲಿಸಿ. "ಅದಿರಲಿ ಸ್ವಾಮೀ, ಕೊಲಂಬೊ ಬಾಗಿಲು ಯಾವಾಗ ಮುಚ್ಚುತ್ತೀರಿ?" ಎಂದು ಕೇಳಿ. ಉತ್ತರ ಬರುವವರೆಗೆ ಕೈ ಬಿಡಬೇಡಿ.

ನಮ್ಮ ಕೇರಿಯವರಿಗೆ ಇಷ್ಟನ್ನೂ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾರೆ ಆ ಐದು ನೂರು ನಂಗೆ ವಾಪಸ್ ಬರೂದೆ?" ಅಂದರು. ನಾಳೆ ಇಬ್ಬರೂ ಕೂಡಿ ಚೀಟಿ ಹಿಡಿದುಕೊಂಡು ಪೇಟೆಗೆ ಹೋಗುವುದೆಂದು ಮಾತಾಗಿದೆ. ಆ ಐದು ನೂರು ಕೇಳಿ ಅಭ್ಯಾಸವಾದರೆ ಆಮೇಲೆ ಮೂವತ್ತೈದು ಸಾವಿರ ಕೇಳಲು ಬಾಯಿ ಬರುತ್ತದೆ.